ಆನೆಗೊಂದಿಯಿಂದ ಸಾಣಾಪುರ ಕೆರೆಗೆ, ನಡೆದೇ ಹೋಗುವವರಿಗೆ

ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ಹೊರಟು ಪಂಪಾ ಸರೋವರ, ಅಂಜನಾದ್ರಿ, ಹನುಮನಹಳ್ಳಿ ಹಾದು ಸಾಣಾಪುರ ಕೆರೆ ಸೇರುವ ರಸ್ತೆಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಆ ದಾರಿಯ ಕಲ್ಲು, ನೀರು, ಊಟ ಮೂರನ್ನೂ ಬಲ್ಲವರು ಉತ್ತರ ಬರೆದಿದ್ದಾರೆ.

ಪ್ರಶ್ನೆ: ನಾವು ನಾಲ್ವರು ಗೆಳತಿಯರು. ಗಾಡಿಯಲ್ಲಿ ಸುತ್ತಿ ಬರುವ ಬದಲು ಒಂದು ದಿನ ಆ ರಸ್ತೆಯಲ್ಲಿ ನಡೆಯಬೇಕು, ನಡುವೆ ಎಲ್ಲಾದರೂ ಕೂತು ಕಾಫಿ ಕುಡಿಯಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಬೇಕು, ಎಷ್ಟು ಹೊತ್ತು ಹಿಡಿಯುತ್ತದೆ?
(ಓದುಗರೊಬ್ಬರು, ಸಿಂಧನೂರು)

ಉತ್ತರ: ಬೆಳಿಗ್ಗೆ ನಡೆಯುವುದಾದರೆ ಆನೆಗೊಂದಿಯಿಂದಲೇ ಹೊರಡಿ. ಆ ರಸ್ತೆ ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತದೆ. ಈ ತುದಿಯಿಂದ ಹೊರಟರೆ ಬಿಸಿಲು ಬೆನ್ನಿಗಿರುತ್ತದೆ, ಎದುರಿನ ಬಂಡೆಗಳ ಮೇಲೆ ಎಳೆಬಿಸಿಲು ಬಿದ್ದು ಕೆಂಪಗಾಗುವುದನ್ನು ಕಣ್ತುಂಬ ನೋಡಬಹುದು. ಬಹಳ ಜನ ಕೆರೆ ಹತ್ತಿರ ಗಾಡಿ ನಿಲ್ಲಿಸಿ ಆನೆಗೊಂದಿ ಕಡೆ ಹೆಜ್ಜೆ ಹಾಕುತ್ತಾರೆ. ಆಗ ಎಂಟು ಗಂಟೆಯ ಸೂರ್ಯ ನೇರ ಮುಖಕ್ಕೆ ಹೊಡೆಯುತ್ತಾನೆ, ಒಂದು ತಾಸಿಗೆಲ್ಲ ತಲೆನೋವು ಬಂದು ಆಟೊ ಹುಡುಕುತ್ತಾರೆ. ಸಂಜೆ ನಡೆಯುವವರಿಗೆ ಮಾತ್ರ ಆ ದಿಕ್ಕು ಸರಿ.

ಸಿಂಧನೂರಿನಿಂದ ಬಸ್ಸಿಗಾಗಲಿ ರೈಲಿಗಾಗಲಿ ಗಂಗಾವತಿಗೆ ಬಂದು, ಅಲ್ಲಿಂದ ಬಸ್ಸು ಅಥವಾ ಆಟೊ ಹಿಡಿದರೆ ಆನೆಗೊಂದಿ ದೂರವೇನಲ್ಲ. ಆದರೆ ಬೆಳಿಗ್ಗೆ ಆರೂವರೆಗೆ ನಡಿಗೆ ಶುರುವಾಗಬೇಕಾದರೆ ಹಿಂದಿನ ರಾತ್ರಿ ಗಂಗಾವತಿಯಲ್ಲೋ ಆನೆಗೊಂದಿಯಲ್ಲೋ ಉಳಿಯುವುದು ಒಳ್ಳೆಯದು.

ಕೆರೆಯವರೆಗೆ ಹತ್ತು ಕಿಲೋಮೀಟರ್ ಆಸುಪಾಸು. ಬರೀ ನಡೆದರೆ ಎರಡೂವರೆ ತಾಸು. ಪಂಪಾ ಸರೋವರಕ್ಕೆ ಒಳಗೆ ತಿರುಗಿ, ಎರಡು ಕಡೆ ಕೂತು, ಫೋಟೊ ತೆಗೆದುಕೊಂಡು ಹೋಗಲು ನಾಲ್ಕೂವರೆ ತಾಸು ಇಟ್ಟುಕೊಳ್ಳಿ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿಯುವುದಾದರೆ ಇನ್ನೊಂದೂವರೆ ತಾಸು ಬೇಕು. ಎರಡನ್ನೂ ಒಂದೇ ಬೆಳಿಗ್ಗೆಗೆ ಹೊಂದಿಸಿದವರು ಹನ್ನೊಂದರ ನಂತರದ ಬಿಸಿಲಿನಲ್ಲಿ ಸಾಣಾಪುರದ ಕಡೆಯ ಮೂರು ಕಿಲೋಮೀಟರ್ ನಡೆಯಬೇಕಾಗುತ್ತದೆ, ಅಲ್ಲಿ ನೆರಳು ತೀರ ಕಡಿಮೆ. ಬೆಟ್ಟ ಬೇಕೆಂದರೆ ಅಂದು ಹನುಮನಹಳ್ಳಿಗೆ ನಡಿಗೆ ನಿಲ್ಲಿಸಿ, ಕೆರೆಗೆ ಸಂಜೆ ನಾಲ್ಕೂವರೆಗೆ ಆಟೊದಲ್ಲಿ ಹೋಗಿ. ಶನಿವಾರ, ಮಂಗಳವಾರ ಬೆಟ್ಟಕ್ಕೆ ಭಕ್ತರು ಜಾಸ್ತಿ. ಡಿಸೆಂಬರ್ ಹೊತ್ತಿಗೆ ಬರುವ ಹನುಮಮಾಲೆ ವಿಸರ್ಜನೆಯ ದಿನಗಳಲ್ಲಂತೂ ರಸ್ತೆಯೇ ಕಾಣದಷ್ಟು ಜನ. ಅದು ನೋಡಬೇಕಾದ ಸಂಭ್ರಮವೇ, ಆದರೆ ತಿರುಗಾಟದ ದಿನ ಅಲ್ಲ.

ಆ ರಸ್ತೆಗೆ ಕಾಲುದಾರಿ ಅಂತ ಪ್ರತ್ಯೇಕ ಇಲ್ಲ. ಎದುರಿಗೆ ಬರುವ ಗಾಡಿ ಕಾಣುವಂತೆ ಬಲಗಡೆ ಅಂಚಿನಲ್ಲಿ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಬಂಡೆಗಳ ಮಧ್ಯೆ ರಸ್ತೆ ತಿರುಗುವ ಕಡೆ ಗಾಡಿಯವರಿಗೆ ನೀವು ಕಾಣುವುದು ಕೊನೆಯ ಗಳಿಗೆಯಲ್ಲಿ, ಅಲ್ಲಿ ನಿಂತು ಸೆಲ್ಫಿ ಬೇಡ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಚಿಟಿಕೆ ಉಪ್ಪು ಹಾಕಿದ ನಿಂಬೆ ಶರಬತ್ತು ಒಂದು ಬಾಟ್ಲಿ, ಅಂಚು ಅಗಲವಿರುವ ಟೊಪ್ಪಿಗೆ ಇರಲಿ. ಚಪ್ಪಲಿ ಬೇಡ, ಹಿಡಿತವಿರುವ ಬೂಟು ಬೇಕು. ರಸ್ತೆಗೆ ಚಪ್ಪಲಿ ಸಾಕಾಗುತ್ತದೆ. ಆದರೆ ಕೆರೆ ಕಂಡ ಕೂಡಲೇ ಎಲ್ಲರೂ ಬಂಡೆ ಹತ್ತುತ್ತಾರೆ, ಕಾಲು ಉಳುಕುವುದು ಅಲ್ಲಿ.

ಪ್ರಶ್ನೆ: ಕಳೆದ ಮೇ ತಿಂಗಳಾಗ ಹೋಗಿದ್ವಿ. ಕೆರ್‍ಯಾಗ ನೀರು ತಳಕ್ಕ ಹೋಗಿತ್ತು, ಬಂಡಿ ಕಾದ ಹಂಚಿನಂಗಿತ್ತು. ಫೋಟೊದಾಗ ಕಾಣೋ ಹಸಿರು, ನೀಲಿ ಯಾವಾಗ ಇರ್ತೈತಿ?
(ಓದುಗರೊಬ್ಬರು, ಸಿರುಗುಪ್ಪ)

ಉತ್ತರ: ಸಾಣಾಪುರ ಕೆರೆ ಮಳೆನೀರನ್ನೇ ನಂಬಿದ ಕೆರೆಯಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹೊಕ್ಕು ಹೊರಡುವ ಸಮತೋಲನ ಜಲಾಶಯ ಅದು. ಕಾಲುವೆ ಹರಿದರೆ ಕೆರೆ ತುಂಬಿರುತ್ತದೆ, ಕಾಲುವೆ ನಿಂತರೆ ಇಳಿಯುತ್ತದೆ. ಹಾಗಾಗಿ ಹೋಟೆಲು ಕಾಯ್ದಿರಿಸುವ ಮೊದಲು ಕಾಲುವೆಗೆ ನೀರು ಬಿಟ್ಟಿದ್ದಾರೆಯೇ ಅಂತ ಗಂಗಾವತಿ, ಕಾರಟಗಿ ಕಡೆಯ ಯಾವುದಾದರೂ ರೈತರನ್ನು ಕೇಳಿ. ಅವರಿಗಿಂತ ಖಚಿತವಾಗಿ ಹೇಳುವವರು ಇಲ್ಲ.

ಸಾಮಾನ್ಯ ವರ್ಷಗಳಲ್ಲಿ ಮುಂಗಾರು ಬೆಳೆಗೆ ಜುಲೈ ಹೊತ್ತಿಗೆ ನೀರು ಬಿಡುತ್ತಾರೆ. ಆಗಸ್ಟಿನಲ್ಲಿ ನಾಟಿ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ರಸ್ತೆಯ ಎರಡೂ ಬದಿ ಕಣ್ಣು ಹಾಯುವವರೆಗೆ ಭತ್ತ. ನವೆಂಬರ್ ಕೊನೆಗೆ ಗದ್ದೆ ಹೊಂಬಣ್ಣಕ್ಕೆ ತಿರುಗುತ್ತದೆ, ಕೊಯ್ಲಿನ ಯಂತ್ರಗಳು ರಸ್ತೆಗಿಳಿಯುತ್ತವೆ. ಜಲಾಶಯದಲ್ಲಿ ನೀರು ಉಳಿದ ವರ್ಷ ಎರಡನೇ ಬೆಳೆಗೂ ಬಿಡುತ್ತಾರೆ. ಆಗ ಫೆಬ್ರುವರಿ, ಮಾರ್ಚಿನಲ್ಲಿ ಮತ್ತೊಮ್ಮೆ ಹಸಿರು. ಎರಡನೇ ಬೆಳೆಗೆ ನೀರಿಲ್ಲದ ವರ್ಷ ಜನವರಿ ಮುಗಿಯುತ್ತಿದ್ದಂತೆ ಎಲ್ಲ ಬೋಳು ಬೋಳು.

ನಡೆಯಲು ಹಿತವಾದ ಕಾಲ ನವೆಂಬರ್ ಮಧ್ಯದಿಂದ ಜನವರಿ ಕೊನೆ. ಹಸಿರೇ ಮುಖ್ಯ ಅನ್ನುವವರು ಸೆಪ್ಟೆಂಬರ್ ಕೊನೆಯ ವಾರ ನೋಡಬಹುದು, ಅಂಚಿನ ಮಣ್ಣು ಕೆಸರಾಗಿರುತ್ತದೆ, ಅಷ್ಟೇ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ದಿನಗಳಿವೆ. ಗ್ರಾನೈಟ್ ಬಂಡೆ ಹಗಲೆಲ್ಲ ಹೀರಿದ ಕಾವನ್ನು ರಾತ್ರಿವರೆಗೂ ಬಿಡುತ್ತಲೇ ಇರುತ್ತದೆ. ಸಂಜೆ ತಂಪಾದೀತು ಅನ್ನುವ ಲೆಕ್ಕ ಅಲ್ಲಿ ತಪ್ಪುವುದು ಅದಕ್ಕೇ.

ಆ ಬಂಡೆಗಳ ಬಗ್ಗೆ ಒಂದು ಮಾತು. ವಾಲಿ ಸುಗ್ರೀವರ ಕಾಳಗದಲ್ಲಿ ಎಸೆದಾಡಿದ ಕಲ್ಲುಗಳು ಅಂತ ಊರಲ್ಲಿ ಹೇಳುತ್ತಾರೆ. ಕಿಷ್ಕಿಂಧೆಯಲ್ಲಿ ನಿಂತು ಅದನ್ನು ಕೇಳುವುದೇ ಒಂದು ಸೊಗಸು. ಭೂವಿಜ್ಞಾನದ ಪ್ರಕಾರ ಅವನ್ನು ಯಾರೂ ತಂದು ಪೇರಿಸಿದ್ದಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್, ಸೀಳುಗಳ ಉದ್ದಕ್ಕೂ ನೀರು ಇಳಿದು, ಮೂಲೆಗಳು ಮೊದಲು ಸವೆದು, ಸುತ್ತಲ ಮಣ್ಣು ಕೊಚ್ಚಿ ಹೋದ ಮೇಲೆ ಉಳಿದ ದುಂಡುಗಲ್ಲುಗಳು ಅವು. ಒಂದರ ಮೇಲೊಂದು ನಿಂತ ಎರಡು ಬಂಡೆಗಳ ನಡುವಿನ ಗೆರೆ ನೋಡಿ, ಮೇಲಿನದರ ತಳಕ್ಕೂ ಕೆಳಗಿನದರ ನೆತ್ತಿಗೂ ಹೊಂದಿಕೆ ಕಾಣುತ್ತದೆ. ಮೊದಲು ಎರಡೂ ಒಂದೇ ಕಲ್ಲಾಗಿದ್ದವು.

ಪ್ರಶ್ನೆ: ಬಳ್ಳಾರಿಯಿಂದ ಕಂಪ್ಲಿ ಮೇಲೆ ಬರೋದು ಹತ್ತಿರ ಅಂತಾರೆ. ಮಳೆಗಾಲದಲ್ಲಿ ಸೇತುವೆ ಮುಳುಗುತ್ತೆ ಅಂತಲೂ ಕೇಳಿದ್ದೀವಿ. ಆಗಸ್ಟ್ 15ರ ರಜೆಗೆ ಬರಬಹುದಾ?
(ಓದುಗರೊಬ್ಬರು, ಬಳ್ಳಾರಿ)

ಉತ್ತರ: ಕುರುಗೋಡು, ಕಂಪ್ಲಿ, ಗಂಗಾವತಿ ದಾರಿಯೇ ನಿಮಗೆ ಹತ್ತಿರ. ಆದರೆ ಕಂಪ್ಲಿ ಸೇತುವೆ ತಗ್ಗಿನದು. ತುಂಗಭದ್ರಾ ಜಲಾಶಯ ತುಂಬಿ ಕ್ರಸ್ಟ್‌ಗೇಟುಗಳನ್ನು ಎತ್ತಿ ನದಿಗೆ ಭಾರಿ ಪ್ರಮಾಣದಲ್ಲಿ ನೀರು ಬಿಟ್ಟಾಗ ಅದು ಮುಳುಗುತ್ತದೆ, ಸಂಚಾರ ಬಂದ್ ಮಾಡುತ್ತಾರೆ. ನೀವು ಹೇಳಿದ ಆಗಸ್ಟ್ ನಡುಭಾಗವೇ ಅದಕ್ಕೆ ಕುಖ್ಯಾತ. ಇಲ್ಲಿ ಮಳೆ ಹನಿಯದಿದ್ದರೂ ಮಲೆನಾಡಿನ ಮಳೆಗೆ ನದಿ ಏರುತ್ತದೆ, ಆಕಾಶ ನೋಡಿ ಹೊರಟು ಮೋಸ ಹೋಗಬೇಡಿ. ಹೊರಡುವ ದಿನ ಬೆಳಿಗ್ಗೆ ಜಲಾಶಯದ ಹೊರಹರಿವು ಎಷ್ಟು ಸಾವಿರ ಕ್ಯೂಸೆಕ್ ಇದೆ ಅಂತ ಪತ್ರಿಕೆಯಲ್ಲೋ ಸುದ್ದಿಯಲ್ಲೋ ನೋಡಿಕೊಳ್ಳಿ. ಲಕ್ಷದ ಹತ್ತಿರ ಇದ್ದರೆ ಕಂಪ್ಲಿಯಲ್ಲಿ ನದಿ ದಾಟುವ ಯೋಚನೆ ಬಿಟ್ಟು, ಬುಕ್ಕಸಾಗರ ಕಡೆಬಾಗಿಲು ಸೇತುವೆ ಹಿಡಿಯಿರಿ. ಅದು ಎತ್ತರದ್ದು, ಆನೆಗೊಂದಿಗೂ ಹತ್ತಿರ.

ನದಿ ಏರಿದ ದಿನಗಳಲ್ಲಿ ಕೆರೆ ರಸ್ತೆಗೆ ತೊಂದರೆ ಇಲ್ಲ. ಆದರೆ ನದಿ ನಡುವಿನ ನವಬೃಂದಾವನ, ದಂಡೆಯ 64 ಕಂಬಗಳ ಮಂಟಪ, ವಿರೂಪಾಪುರ ಗಡ್ಡಿ, ಇವ್ಯಾವುದರ ಹತ್ತಿರವೂ ಹೋಗಬಾರದು. 2019ರ ಆಗಸ್ಟಿನಲ್ಲಿ ಗಡ್ಡಿಯಲ್ಲಿ ಉಳಿದಿದ್ದ ನೂರಾರು ಪ್ರವಾಸಿಗರನ್ನು ರಕ್ಷಣಾ ಪಡೆಗಳು ಬಂದು ಪಾರು ಮಾಡಬೇಕಾಯಿತು. ದಾರಿ ಇದ್ದಾಗ ಅದು ಗಡ್ಡಿ, ಅಂದರೆ ನಡುಗಡ್ಡೆ, ಅಂತ ಅನ್ನಿಸುವುದೇ ಇಲ್ಲ, ನೀರು ಸುತ್ತಿದ ಮೇಲೆ ಹೆಸರಿನ ಅರ್ಥ ತಿಳಿಯುತ್ತದೆ.

ಪ್ರಶ್ನೆ: ಮಗ, ಸೊಸೆಗೆ ಅಲ್ಲಿಯ ಕೆಫೆಗಳ ಮೇಲೆ ಮನಸ್ಸು. ನನಗೆ, ನಮ್ಮ ಯಜಮಾನರಿಗೆ ರೊಟ್ಟಿ ಇಲ್ಲದೆ ಆಗದು. ಆ ಶಕ್ಷುಕಾ, ಫಲಾಫೆಲ್ ಅಂದರೆ ಏನು? ನಾವು ತಿನ್ನುವಂಥದ್ದಾ? ಮೊಣಕಾಲು ನೋವು ಬೇರೆ.
(ಓದುಗರೊಬ್ಬರು, ಕೊಪ್ಪಳ)

ಉತ್ತರ: ಅಮ್ಮಾ, ಮೊದಲು ಮೊಣಕಾಲಿನ ವಿಷಯ. ಅಲ್ಲಿಯ ಬಹಳಷ್ಟು ಕೆಫೆಗಳಲ್ಲಿ ನೆಲದ ಮೇಲೆ ಹಾಸಿಗೆ, ಲೋಡು, ಮುಂದೆ ಗಿಡ್ಡ ಮೇಜು. ಕೂರುವುದು ಸುಲಭ, ಏಳುವುದು ಕಷ್ಟ. ಒಳಗೆ ಹೋಗುವ ಮೊದಲೇ ಕುರ್ಚಿ ಇದೆಯೇ ಅಂತ ಮಗನಿಗೆ ಕೇಳಲು ಹೇಳಿ. ಇರುತ್ತದೆ, ಕೇಳಿದರೆ ತಂದು ಹಾಕುತ್ತಾರೆ.

ಶಕ್ಷುಕಾ ಅಂದರೆ ಟೊಮೆಟೊ, ದೊಣ್ಣೆಮೆಣಸಿನಕಾಯಿ, ಈರುಳ್ಳಿ, ಜೀರಿಗೆ ಹಾಕಿ ಕುದಿಸಿದ ಗಟ್ಟಿ ಗೊಜ್ಜಿನಲ್ಲಿ ಗುಳಿ ಮಾಡಿ, ಮೊಟ್ಟೆ ಒಡೆದು ಬಿಟ್ಟು, ಮುಚ್ಚಿ ಬೇಯಿಸಿದ್ದು. ಮೊಟ್ಟೆ ತಿನ್ನುವವರಾದರೆ ರೊಟ್ಟಿಗೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಫಲಾಫೆಲ್ ಅಂದರೆ ಕಾಬೂಲಿ ಕಡಲೆಯ ವಡೆ. ನೆನೆಸಿದ ಹಸಿ ಕಡಲೆಯನ್ನು ತರಿತರಿಯಾಗಿ ರುಬ್ಬಿ, ಕೊತ್ತಂಬರಿ, ಬೆಳ್ಳುಳ್ಳಿ ಸೇರಿಸಿ ಕರಿಯಬೇಕು. ಅವಸರಕ್ಕೆ ಬೇಯಿಸಿದ ಕಡಲೆ ಹಾಕಿದರೆ ಹಿಟ್ಟಿಗೆ ಹಿಡಿತ ಸಿಗದೆ ಎಣ್ಣೆಯಲ್ಲಿ ಒಡೆಯುತ್ತದೆ. ಒಡೆಯಬಾರದು ಅಂತ ಮೈದಾ ಬೆರೆಸುತ್ತಾರೆ, ಆಗ ಒಳಗೆ ಅಂಟಂಟು. ಮುರಿದು ನೋಡಿ, ಒಳಗೆ ಹಸಿರು ತರಿ ಕಂಡರೆ ಸರಿಯಾದದ್ದು. ಹಮ್ಮಸ್ ಬೆಂದ ಕಡಲೆ, ಎಳ್ಳಿನ ಗೊಜ್ಜು, ನಿಂಬೆರಸ ಸೇರಿದ ಚಟ್ನಿ. ಬೇಸಿಗೆಯಲ್ಲಿ ಬೆಳಿಗ್ಗೆ ಮಾಡಿದ್ದು ಹೊರಗಿಟ್ಟರೆ ಸಂಜೆಗೆ ಹುಳಿವಾಸನೆ ಬರುತ್ತದೆ, ಮೂಸಿ ನೋಡಿಯೇ ತಿನ್ನಿ.

ಈ ತಿಂಡಿಗಳು ಇಲ್ಲಿಗೆ ಬಂದದ್ದು ಹಂಪಿಗೆ ಬರುತ್ತಿದ್ದ ವಿದೇಶಿಯರ, ಅದರಲ್ಲೂ ಇಸ್ರೇಲಿನ ಯುವಕ ಯುವತಿಯರ ಜೊತೆ. ಮೊದಲು ಇವೆಲ್ಲ ವಿರೂಪಾಪುರ ಗಡ್ಡಿಯಲ್ಲಿದ್ದವು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, ಮಾರ್ಚಿನಲ್ಲಿ ಅಲ್ಲಿಯ ಕಟ್ಟಡಗಳು ತೆರವಾದವು. ಆಮೇಲೆ ಸಾಣಾಪುರ, ಹನುಮನಹಳ್ಳಿ, ಆನೆಗೊಂದಿ ಸುತ್ತ ಇಂಥ ಜಾಗಗಳು ಹೆಚ್ಚಿದವು.

ನಮ್ಮ ಸಲಹೆ ಇಷ್ಟು. ಬೆಳಗಿನ ತಿಂಡಿಗೆ ಕೆಫೆಗೆ ಹೋಗಬೇಡಿ, ಬಹುತೇಕ ತಡವಾಗಿ ತೆರೆಯುತ್ತವೆ. ಊರೊಳಗಿನ ಗೂಡಂಗಡಿಯಲ್ಲಿ ಒಗ್ಗರಣಿ, ಮಿರ್ಚಿ ತಿನ್ನಿ. ಒಗ್ಗರಣಿ ಅಂದರೆ ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಕೂಡಲೇ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಿದ್ದು. ಎಂಟರೊಳಗೆ ಹೋದರೆ ಬಿಸಿ ಬಿಸಿ. ಹತ್ತರ ಮೇಲೆ ಅದೇ ಮಂಡಕ್ಕಿ ಮುದ್ದೆಯಾಗಿರುತ್ತದೆ. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬೇಕಾದರೆ ಹಿಂದಿನ ದಿನವೇ ಹೋಂಸ್ಟೇಯವರಿಗೆ ತಲೆ ಎಣಿಸಿ ಹೇಳಿಡಿ. ರೊಟ್ಟಿ ಬಡಿಯುವವರನ್ನು ಅವರು ಊರಿಂದ ಕರೆಸಬೇಕಾಗುತ್ತದೆ. ಕೆಫೆಗೆ ಮೂರೂವರೆಗೆ ಹೋಗಿ, ಮಕ್ಕಳಿಗೆ ಬೇಕಾದದ್ದು ತರಿಸಿ, ನೀವು ಶುಂಠಿ ನಿಂಬೆ ಚಹಾ ಕುಡಿಯಿರಿ. ಕೇಳಿದ ಮೇಲೆಯೇ ಮಾಡುವ ಅಡುಗೆ ಅದು, ಮುಕ್ಕಾಲು ತಾಸು ಹಿಡಿಯುತ್ತದೆ. ಹಸಿದು ಹೋದರೆ ಸಿಟ್ಟು ಬರುತ್ತದೆ. ಕೈಯಲ್ಲಿ ನಗದು ಇರಲಿ, ಬಂಡೆಗಳ ಸಂದಿಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ಹಣ ಹೋಯಿತೋ ಇಲ್ಲವೋ ಅಂತ ಎರಡೂ ಕಡೆಯವರು ನಿಲ್ಲಬೇಕಾಗುತ್ತದೆ.

ಪ್ರಶ್ನೆ: ಕೆರೆಯಲ್ಲಿ ಹರಿಗೋಲಿನಲ್ಲಿ ಕೂತರೆ ಅಪಾಯವೇ? ಬಂಡೆ ಮೇಲಿಂದ ನೀರಿಗೆ ಹಾರುವ ವಿಡಿಯೊ ನೋಡಿ ನನ್ನ ಮಗ ಹಟ ಹಿಡಿದಿದ್ದಾನೆ. ಅವನಿಗೆ ಈಜು ಬರುತ್ತದೆ.
(ಓದುಗರೊಬ್ಬರು, ರಾಯಚೂರು)

ಉತ್ತರ: ಹರಿಗೋಲಿಗೆ ಹೌದು ಅನ್ನಿ, ಹಾರಲು ಬೇಡವೇ ಬೇಡ.

ಈಜುಕೊಳದ ಈಜು ಈ ಕೆರೆಗೆ ಸಾಲದು. ಮೇಲೆ ನೀರು ಕನ್ನಡಿಯಂತೆ ನಿಂತಿರುತ್ತದೆ. ಆದರೆ ಕಾಲುವೆ ಒಳಬರುವ, ಹೊರಹೋಗುವ ಬಾಯಿಗಳ ಹತ್ತಿರ ಒಳಸೆಳೆತ ಇರುತ್ತದೆ. ಅದು ನೀರು ಬಿಟ್ಟ ಪ್ರಮಾಣದ ಮೇಲೆ ದಿನ ದಿನಕ್ಕೆ ಬದಲಾಗುತ್ತದೆ, ನಿನ್ನೆ ಹಾರಿದವನು ಬದುಕಿ ಬಂದದ್ದು ಇವತ್ತಿಗೆ ಪುರಾವೆ ಅಲ್ಲ. ಮಟ್ಟ ಒಂದು ಆಳು ಇಳಿದರೆ ನಿನ್ನೆ ಆಳದಲ್ಲಿದ್ದ ಬಂಡೆಯ ನೆತ್ತಿ ಇವತ್ತು ಸೊಂಟದಷ್ಟು ನೀರಿನಡಿ ಇರುತ್ತದೆ, ಮೇಲಿಂದ ಕಾಣುವುದಿಲ್ಲ. ನೀರೊಳಗಿನ ಕಲ್ಲಿಗೆ ಪಾಚಿ, ಹಿಡಿಯಲು ಹೋದರೆ ಕೈ ಜಾರುತ್ತದೆ. ಪಕ್ಕದ ತುಂಗಭದ್ರೆಯಲ್ಲೂ ಇದೇ ಕಥೆ. 2025ರ ಫೆಬ್ರುವರಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ವೈದ್ಯೆಯೊಬ್ಬರು ಸಾಣಾಪುರದ ಹತ್ತಿರ ಬಂಡೆಯಿಂದ ನದಿಗೆ ಹಾರಿ ತೀರಿಕೊಂಡರು. ಅವರಿಗೂ ಈಜು ಬರುತ್ತಿತ್ತು. ಮಗನಿಗೆ ಇದನ್ನು ಓದಿ ಹೇಳಿ.

ಇನ್ನು ಹರಿಗೋಲು. ಸೀಳಿದ ಬಿದಿರ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹೊರಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದಿರುತ್ತಾರೆ. ಹಿಂದೆ ಪ್ಲಾಸ್ಟಿಕ್ಕಿನ ಜಾಗದಲ್ಲಿ ಚರ್ಮ ಇತ್ತು. 1520ರ ಆಸುಪಾಸು ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡವಿನಲ್ಲಿ ಇದೇ ದುಂಡು ದೋಣಿ ನೋಡಿ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ನೇರ ಹೋಗಲಾರದೆ ಸುತ್ತುತ್ತಲೇ ಇರುತ್ತದೆ ಅಂತ ಬರೆದಿಟ್ಟಿದ್ದಾನೆ. ಹುಟ್ಟು ಹಾಕುವವರ ಕೈ ಗಮನಿಸಿ. ದೋಣಿಯ ಪಕ್ಕದಿಂದ ಹಿಂದಕ್ಕೆ ತಳ್ಳಿದರೆ ಬುಟ್ಟಿ ಬುಗುರಿಯಾಗುತ್ತದೆ. ಅವರು ಮುಂದಿನ ಅಂಚಿನಲ್ಲಿ ಕೂತು ನೀರನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹುಟ್ಟನ್ನು ಓರೆ ಮಾಡಿ ಸುತ್ತನ್ನು ಕೊಲ್ಲುತ್ತಾರೆ. ಐದೇ ನಿಮಿಷ ನೋಡಿದರೆ ಸಾಕು, ಕೈಚಳಕ ಅಂದರೇನು ಅಂತ ತಿಳಿಯುತ್ತದೆ.

ಹತ್ತುವ ಮೊದಲು ಒಳಗೆ ಬಗ್ಗಿ ನೋಡಿ. ತಳದಲ್ಲಿ ಬೊಗಸೆ ನೀರಿದ್ದರೆ ಪರವಾಗಿಲ್ಲ, ಪಾದ ಮುಳುಗುವಷ್ಟಿದ್ದರೆ ಡಾಂಬರು ಬಿರುಕು ಬಿಟ್ಟಿದೆ ಅಂತ ಅರ್ಥ. ತೇಲುಜಾಕೆಟ್ ಕೊಟ್ಟರಷ್ಟೇ ಸಾಲದು, ಮೂರೂ ಕೊಂಡಿ ಬಿಗಿದು ಹೆಗಲ ಬಳಿ ಮೇಲಕ್ಕೆ ಎಳೆದು ನೋಡಿ. ಅದು ಗಲ್ಲ ದಾಟಿ ಏರಿದರೆ ಅಳತೆ ದೊಡ್ಡದು. ಅಂಚಿನ ಮೇಲೆ ಕಾಲಿಡದೆ ನಡುವಿಗೆ ಹೆಜ್ಜೆ ಹಾಕಿ, ಎದುರುಬದುರು ಸಮತೂಕವಾಗಿ ಕೂತು ಮಂಡಿ ಮಡಚಿಕೊಳ್ಳಿ. ನಡುನೀರಿನಲ್ಲಿ ಗಿರಗಿರ ಸುತ್ತಿಸುವ ಆಟ ಎಲ್ಲರೂ ಕೇಳುತ್ತಾರೆ. ಆಗ ಯಾರೂ ಏಳಬಾರದು, ದೋಣಿ ಮಗುಚುವುದು ಫೋಟೊಕ್ಕೆ ಎದ್ದು ನಿಂತ ಒಬ್ಬರಿಂದ. ಜೋರು ಗಾಳಿ ಇದ್ದ ಸಂಜೆ ಅವರೇ ಬೇಡ ಅಂದರೆ ದುಡ್ಡಿನ ಆಸೆ ತೋರಿಸಬೇಡಿ.

ಬೆಳಗಿನ ಹೊತ್ತು ಸದ್ದು ಮಾಡದೆ ನದಿದಂಡೆಯಲ್ಲಿ ಕೂತರೆ ನೀರುನಾಯಿ ಕಾಣುವ ಅದೃಷ್ಟವೂ ಉಂಟು. ತುಂಗಭದ್ರೆಯ ಈ ಭಾಗವನ್ನು 34 ಕಿಲೋಮೀಟರ್ ಉದ್ದಕ್ಕೆ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ 2015ರಲ್ಲಿ ಘೋಷಿಸಿದ್ದಾರೆ.

ಪ್ರಶ್ನೆ: 2025ರ ಮಾರ್ಚಿನ ಘಟನೆಯ ನಂತರ ಮನೆಯಲ್ಲಿ ಕಳಿಸಲು ಹೆದರುತ್ತಾರೆ. ಹೆಣ್ಣುಮಕ್ಕಳಷ್ಟೇ ಹೋಗಬಹುದೇ?
(ಕಾಲೇಜು ವಿದ್ಯಾರ್ಥಿನಿ, ಗಂಗಾವತಿ)

ಉತ್ತರ: ಮನೆಯವರ ಹೆದರಿಕೆಗೆ ಕಾರಣ ಇದೆ. ಆ ಮಾರ್ಚ್ 6ರ ರಾತ್ರಿ ನಕ್ಷತ್ರ ನೋಡಲು ಕಾಲುವೆ ದಂಡೆಯ ಮೇಲೆ ಕೂತಿದ್ದ ಮಹಿಳೆಯರ ಮೇಲೆ ದೌರ್ಜನ್ಯ ನಡೆಯಿತು, ಜೊತೆಗಿದ್ದ ಪುರುಷರನ್ನು ಕಾಲುವೆಗೆ ತಳ್ಳಲಾಯಿತು, ಒಬ್ಬರು ಪ್ರಾಣ ಕಳೆದುಕೊಂಡರು. ತಪ್ಪು ಕೂತವರದ್ದಲ್ಲ, ದಾಳಿ ಮಾಡಿದವರದ್ದು. ಹಾಗಿದ್ದರೂ ಹೋಗುವವರು ಅಲ್ಲಿಯ ಪರಿಸ್ಥಿತಿ ತಿಳಿದಿರಬೇಕು.

ಹಗಲು ಆ ರಸ್ತೆಯಲ್ಲಿ ಗದ್ದೆ ಕೆಲಸದವರು, ಭಕ್ತರು, ಶಾಲೆ ಮಕ್ಕಳು, ಬಸ್ಸು ಎಲ್ಲ ಇರುತ್ತವೆ, ಹೆಣ್ಣುಮಕ್ಕಳ ಗುಂಪು ನಿರಾಳವಾಗಿ ನಡೆಯಬಹುದು. ಡಿಸೆಂಬರಿನಲ್ಲಿ ಸೂರ್ಯ ಆರರೊಳಗೇ ಮುಳುಗುತ್ತಾನೆ, ಆರೂವರೆಗೆ ಕತ್ತಲು. ಸೂರ್ಯಾಸ್ತ ನೋಡಲು ಬಂಡೆ ಹತ್ತಿದವರು ಇಳಿಯಲು ಇಪ್ಪತ್ತು ನಿಮಿಷ ಬೇಕು ಅನ್ನುವುದನ್ನು ಮರೆಯುತ್ತಾರೆ. ಆಟೊದವರಿಗೆ ಆರಕ್ಕೇ ರಸ್ತೆಯ ಮೇಲೆ ನಿಂತಿರಲು ಹೇಳಿಡಿ. ಕಾಲುವೆ ದಂಡೆಯ ಮಣ್ಣುದಾರಿ ಖಾಲಿ, ದೀಪವಿಲ್ಲ, ದಂಡೆಯ ಇಳಿಜಾರಿನ ಕಾಂಕ್ರೀಟ್ ಪಾಚಿಗಟ್ಟಿ ಜಾರುತ್ತದೆ, ಒಳಗೆ ಬಿದ್ದರೆ ಹತ್ತಿ ಬರಲು ಹಿಡಿ ಸಿಗದು. ಕತ್ತಲಾದ ಮೇಲೆ ಅಲ್ಲಿಗೆ ಯಾರೂ, ಗಂಡಸರೂ ಹೋಗುವುದು ಬೇಡ. ಗುಡ್ಡಗಳಲ್ಲಿ ಚಿರತೆ, ಕರಡಿ ಓಡಾಟವೂ ಇದೆ. ನಕ್ಷತ್ರ ನೋಡಬೇಕಾದರೆ ನೀವು ಉಳಿದುಕೊಂಡ ಮನೆಯ ಮಾಳಿಗೆಯೇ ಸಾಕು, ಅಲ್ಲಿಯ ಆಕಾಶ ಅಷ್ಟು ಕಪ್ಪಾಗಿರುತ್ತದೆ. 112 ಸಂಖ್ಯೆ ಎಲ್ಲರ ಮೊಬೈಲಿನಲ್ಲೂ ಇರಲಿ.

ಪ್ರಶ್ನೆ: ಆನೆಗೊಂದಿಯಲ್ಲಿ ಎರಡೇ ತಾಸು ಸಿಕ್ಕರೆ ಏನು ನೋಡಬೇಕು? ಬಾಳೆನಾರಿನ ಚೀಲ ಕೊಂಡರೆ ಬಾಳಿಕೆ ಬರುತ್ತದೆಯೇ?
(ಶಿಕ್ಷಕರು, ಕುಷ್ಟಗಿ)

ಉತ್ತರ: ಎರಡು ತಾಸಿನಲ್ಲಿ ಊರೊಳಗಿನ ಬೀದಿ ಸುತ್ತಿ. ಗಗನ ಮಹಲ್, ರಂಗನಾಥಸ್ವಾಮಿ ಗುಡಿ, ಹುಚ್ಚಪ್ಪಯ್ಯನ ಮಠ, ಚಿಂತಾಮಣಿ ಮಠ, ಅಲ್ಲಿಂದ ಕೆಳಗೆ ನದಿ. ಚಿಂತಾಮಣಿಯ ದಂಡೆಯಲ್ಲಿ ಕೂತು ಎದುರಿನ ಹಂಪಿ ದಡ ನೋಡುವುದಕ್ಕೆ ಅರ್ಧ ತಾಸು ಉಳಿಸಿಕೊಳ್ಳಿ, ಬೇಕಾದರೆ ಒಂದು ಗುಡಿ ಬಿಡಿ. ನವಬೃಂದಾವನಕ್ಕೆ ದೋಣಿ ಕಾಯಬೇಕು, ಎರಡು ತಾಸಿಗೆ ಹೊಂದದು. ಅಲ್ಲಿ ವ್ಯಾಸರಾಯರೂ ಸೇರಿ ಒಂಬತ್ತು ಯತಿಗಳ ಬೃಂದಾವನಗಳಿವೆ, ಬಿಡುವಾಗಿ ಹೋಗಬೇಕಾದ ಜಾಗ. ಹಾಗೇ ಓಣಿಕಿಂಡಿಗಳಲ್ಲಿ ಸುಣ್ಣದ ಗೋಡೆ, ಕಲ್ಲಿನ ಜಗಲಿಕಟ್ಟೆ ಇರುವ ಹಳೆಯ ಮನೆಗಳನ್ನು ನಿಧಾನವಾಗಿ ನೋಡಿ. ಒಳಗೆ ಜನ ಬಾಳುತ್ತಿದ್ದಾರೆ, ಕೇಳದೆ ಫೋಟೊ ತೆಗೆಯಬೇಡಿ.

ಬಾಳೆನಾರಿನ ಕೆಲಸ ಆ ಊರಿನ ಹೆಣ್ಣುಮಕ್ಕಳ ಕೈಗೆ ದುಡಿಮೆ ಕೊಟ್ಟಿದೆ, ಅಲ್ಲಿಯ ಕಿಷ್ಕಿಂಧ ಟ್ರಸ್ಟ್ ಅದನ್ನು ವರ್ಷಗಳಿಂದ ನಡೆಸುತ್ತ ಬಂದಿದೆ. ಬಾಳೆ ಒಂದೇ ಸಲ ಗೊನೆ ಬಿಡುತ್ತದೆ, ಕಡಿದ ಮೇಲೆ ಕಂಬ ಹೊಲದಲ್ಲಿ ಕೊಳೆಯುತ್ತದೆ. ಅದರ ಹೊರಪದರಗಳನ್ನು ಬಿಚ್ಚಿ, ಬಿಸಿಲಿಗೆ ಒಣಗಿಸಿ, ಪಟ್ಟಿ ಸೀಳಿ, ಅಂಗೈಯಲ್ಲಿ ಹೊಸೆದು ಹುರಿ ಮಾಡಿ, ಆ ಹುರಿಯಿಂದ ಕೊಕ್ಕೆ ಹೆಣಿಗೆ ಹಾಕುತ್ತಾರೆ. ಕೊಳ್ಳುವಾಗ ಹುರಿಯನ್ನು ಉಗುರಿನಿಂದ ಎರಡಾಗಿ ಬಿಡಿಸಲು ನೋಡಿ, ಸುಲಭವಾಗಿ ಬಿಚ್ಚಿಕೊಂಡರೆ ಹೊಸೆತ ಸಡಿಲ, ಹಿಡಿಕೆ ಬೇಗ ಹರಿಯುತ್ತದೆ. ಹಿಡಿಕೆ ಸೇರುವ ಜಾಗದಲ್ಲಿ ಹೆಣಿಗೆ ಎರಡು ಸುತ್ತು ಇರಬೇಕು. ಕಪ್ಪು ಚುಕ್ಕೆ ಅಲ್ಲಲ್ಲಿ ಇದ್ದು ಮುಗ್ಗಲು ವಾಸನೆ ಬಂದರೆ ಸರಿಯಾಗಿ ಒಣಗಿಲ್ಲ. ಮಳೆಗಾಲದಲ್ಲಿ ಮಾಡಿದ ಮಾಲಿಗೆ ಈ ದೋಷ ಹೆಚ್ಚು. ಮನೆಯಲ್ಲಿ ನೀರಿಗೆ ಅದ್ದಿ ತೊಳೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಗಾಳಿಗೆ ಒಣಗಿಸಿ. ತರಕಾರಿಗೆ ಬೇಡ, ಪುಸ್ತಕಕ್ಕೆ ಇಟ್ಟುಕೊಳ್ಳಿ, ಹಲವು ವರ್ಷ ಬರುತ್ತದೆ.

ಪ್ರಶ್ನೆ: ನಮ್ಮ ಹೊಲ ಆ ರಸ್ತಿ ಬಾಜೂಕ ಐತಿ. ಭತ್ತದಾಗ ಏನೂ ಉಳಿಯಾಣಿಲ್ಲ. ಸಣ್ಣದೊಂದು ಚಾ, ಕಾಫಿ ಕೆಫೆ ಹಾಕಬೇಕು ಅಂತ ನನ್ನ ಮಗ ಅಂತಾನ. ಮೊದಲ ಏನು ನೋಡಬೇಕ್ರಿ?
(ರೈತರೊಬ್ಬರು, ಗಂಗಾವತಿ ತಾಲ್ಲೂಕು)

ಉತ್ತರ: ಒಲೆ, ಕಪ್ಪು ಕೊಳ್ಳುವ ಮೊದಲು ನಿಮ್ಮ ಸರ್ವೆ ನಂಬರು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಯಾವ ವಲಯಕ್ಕೆ ಬರುತ್ತದೆ ಅಂತ ಬರಹದಲ್ಲಿ ಕೇಳಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ನಂಬಿ ಕಟ್ಟಿದ್ದು ಮುಂದೆ ನಿಲ್ಲುವುದಿಲ್ಲ. ಕೃಷಿ ಜಮೀನಿನಲ್ಲಿ ವ್ಯಾಪಾರಕ್ಕೆ ಭೂ ಪರಿವರ್ತನೆ, ಪಂಚಾಯಿತಿ ಪರವಾನಗಿ, ಆಹಾರ ಸುರಕ್ಷತೆಯ ನೋಂದಣಿ, ಈ ಮೂರೂ ಬೇಕು. ಕಾಲುವೆ ದಂಡೆ ನೀರಾವರಿ ಇಲಾಖೆಯದು, ಅದರ ಮೇಲೆ ಒಂದು ಬೆಂಚನ್ನೂ ಇಡಬೇಡಿ. ವಲಯ ನಿಮ್ಮ ಪರವಾಗಿ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ಸಾಲ ಮಾಡಿ ಮುಂದುವರಿಯಬೇಡಿ.

ಒಪ್ಪಿಗೆ ಸಿಕ್ಕರೆ ಮುಂದಿನ ಚಿಂತೆ ಬಳಸಿದ ನೀರು. ಎಲ್ಲರೂ ಕೊನೆಗೆ ಯೋಚಿಸುವುದು ಇದನ್ನೇ, ಆಗ ಪೈಪು ಕೆರೆ ಕಡೆಗೋ ಕಾಲುವೆ ಕಡೆಗೋ ತಿರುಗುತ್ತದೆ. ಆ ನೀರು ಕೆಳಗಿನ ನಿಮ್ಮವರದೇ ಗದ್ದೆಗೆ ಹೋಗುತ್ತದೆ. ದಿನಕ್ಕೆ ಐವತ್ತು ಗಿರಾಕಿ ಬಂದರೂ ಪಾತ್ರೆ, ಕೈ ತೊಳೆಯುವುದಕ್ಕೆ ಮುನ್ನೂರು ನಾಲ್ಕುನೂರು ಲೀಟರ್ ಆಗುತ್ತದೆ. ಮೊದಲು ಜಿಡ್ಡು ತೇಲಿಸುವ ಎರಡು ಕೋಣೆಯ ತೊಟ್ಟಿ ಇರಲಿ, ಒಂದೊಂದು ಕೋಣೆ ಅರವತ್ತು ಲೀಟರ್ ಸಾಕು. ಮೊದಲ ಕೋಣೆಯ ಮೇಲ್ಪದರದ ಜಿಡ್ಡನ್ನು ವಾರಕ್ಕೆರಡು ಸಲ ತೆಗೆಯಬೇಕು. ತೆಗೆಯದಿದ್ದರೆ ಜಿಡ್ಡು ಮುಂದೆ ಹೋಗಿ ಮಣ್ಣಿನ ರಂಧ್ರ ಕಟ್ಟಿಬಿಡುತ್ತದೆ, ನೀರು ಇಂಗದೆ ನಾರುತ್ತದೆ. ಆಮೇಲೆ ಇಂಗುಗುಂಡಿ. ಆದರೆ ಅಲ್ಲಿ ಎರಡು ಮೂರು ಅಡಿಗೇ ಬಂಡೆ ಸಿಗುವುದುಂಟು, ಆಳಕ್ಕೆ ತೋಡಿ ಪ್ರಯೋಜನವಿಲ್ಲ. ಅಂಥ ಕಡೆ ಉದ್ದನೆಯ ಅಗಳು ತೆಗೆದು ಜಲ್ಲಿ ತುಂಬಿ, ಬದಿಗೆ ಬಾಳೆ, ಕೆಸು ನೆಡಿ.

ಚಾವಣಿಗೆ ಹುಲ್ಲು, ತೆಂಗಿನ ಗರಿ ಚೆಂದ ಕಾಣುತ್ತದೆ, ಆದರೆ ಮಂಗಗಳು ಬಿಡುವುದಿಲ್ಲ. ಒಂದು ಹಿಂಡು ಒಂದು ಮಧ್ಯಾಹ್ನಕ್ಕೆ ಕಿತ್ತು ಹಾಕುತ್ತದೆ. ಹುಲ್ಲಿನ ಕೆಳಗೂ ಮೇಲೂ ಬಲೆ ಬಿಗಿಯಿರಿ. ಒಲೆ ಇರುವ ಭಾಗಕ್ಕೆ ಮಾತ್ರ ತಗಡು ಹಾಕಿ, ಹುಲ್ಲಿಗೆ ಕಿಡಿ ತಾಗಬಾರದು. ಆಷಾಢದ ಗಾಳಿ ಪಶ್ಚಿಮದಿಂದ ನುಗ್ಗುತ್ತದೆ, ಅಡುಗೆಮನೆ ಬಾಗಿಲು ಆ ಕಡೆ ಇಟ್ಟರೆ ಗ್ಯಾಸಿನ ಉರಿ ನಿಲ್ಲದು.

ಕಾಫಿ ಚೆನ್ನಾಗಿದ್ದರೆ ಜನ ನೆನಪಿಟ್ಟು ಬರುತ್ತಾರೆ, ಅಲ್ಲಿ ಒಳ್ಳೆಯ ಫಿಲ್ಟರ್ ಕಾಫಿಗೆ ಜಾಗ ಇದೆ. ಅರವತ್ತು ಗ್ರಾಂ ಪುಡಿಗೆ ಮುನ್ನೂರು ಮಿಲಿಲೀಟರ್ ನೀರು. ಪುಡಿಯನ್ನು ಫಿಲ್ಟರಿಗೆ ಹಾಕಿ ತಟ್ಟಿ ಸಮ ಮಾಡಿ, ಒತ್ತಬೇಡಿ. ಒತ್ತಿದರೆ, ಇಲ್ಲವೇ ಪುಡಿ ತೀರ ನಯವಾಗಿದ್ದರೆ, ಡಿಕಾಕ್ಷನ್ ಇಳಿಯದೆ ನಿಲ್ಲುತ್ತದೆ. ಕುದಿ ನಿಂತು ಅರೆ ನಿಮಿಷವಾದ ನೀರನ್ನು ಮೊದಲು ಸ್ವಲ್ಪ ಸುರಿದು ಪುಡಿ ಉಬ್ಬಲು ಬಿಟ್ಟು, ಆಮೇಲೆ ಉಳಿದದ್ದು ಹಾಕಿ. ಕಪ್ಪಿಗೆ ಮೂವತ್ತು ಮಿಲಿಲೀಟರ್ ಡಿಕಾಕ್ಷನ್, ನೂರು ಹಾಲು ಅಂದರೆ ಆರೇಳು ಕಪ್ಪು. ಬೆಳಿಗ್ಗೆ ಇಳಿಸಿದ್ದನ್ನು ಮಧ್ಯಾಹ್ನ ಬಿಸಿ ಮಾಡಿ ಕೊಡಬೇಡಿ, ಕಹಿಯಾಗುತ್ತದೆ. ಎರಡು ಫಿಲ್ಟರ್ ಇಟ್ಟುಕೊಂಡು ಮೂರು ತಾಸಿಗೊಮ್ಮೆ ಹೊಸದು ಇಳಿಸಿ. ಕರೆಂಟು ಹೋದಾಗ ಕೆಡುವುದು ಮೊದಲು ಹಾಲೇ. ಬೇಸಿಗೆಯಲ್ಲಿ ಒಮ್ಮೆಗೆ ಐದು ಲೀಟರಿಗಿಂತ ಹೆಚ್ಚು ತರಿಸಬೇಡಿ, ನಾಲ್ಕು ತಾಸಿಗೊಮ್ಮೆ ಕುದಿಸಿ.

ಭತ್ತ ಪೂರ್ತಿ ಬಿಡಬೇಡಿ. ನಿಮ್ಮ ಕೆಫೆಗೆ ಬರುವವರು ನೋಡಲು ಬರುವುದು ಆ ಗದ್ದೆಯನ್ನೇ.

ಪ್ರಶ್ನೆ: ಮರುದಿನ ಅರ್ಧ ದಿನ ಉಳಿದರೆ ಹತ್ತಿರ ಇನ್ನೇನಿದೆ?
(ಓದುಗರೊಬ್ಬರು, ಲಿಂಗಸುಗೂರು)

ಉತ್ತರ: ನಡೆಯುವ ಕಾಲು ಇನ್ನೂ ಉಳಿದಿದ್ದರೆ ಹಿರೇಬೆಣಕಲ್. ಗುಡ್ಡದ ಮೇಲೆ ಬೃಹತ್ ಶಿಲಾಯುಗದ ನೂರಾರು ಕಲ್ಲುಮನೆಗಳು, ಊರವರ ಬಾಯಲ್ಲಿ ಮೋರೇರ ಮನೆಗಳು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ನೆರಳಿಲ್ಲ, ನೀರು ಸಿಗದು, ಕವಲು ದಾರಿಗಳು ಬಹಳ. ಊರಿನಿಂದ ಒಬ್ಬರನ್ನು ದಾರಿ ತೋರಲು ಕರೆದುಕೊಂಡು ಬೆಳಿಗ್ಗೆ ಆರಕ್ಕೇ ಹತ್ತಿ, ಹತ್ತಕ್ಕೆ ಕೆಳಗಿರಿ. ನಡಿಗೆ ಸಾಕೆನಿಸಿದರೆ ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಹೋಗಿ, ಹಗುರ ಮರ ಕೆತ್ತಿ, ಹುಣಸೆಬೀಜದ ಸರಿಯಿಂದ ಸಂದು ಮುಚ್ಚಿ ಬಣ್ಣ ಬಳಿಯುವ ಬೊಂಬೆ ಕೆಲಸ ನೋಡಬಹುದು. ಮಧ್ಯಾಹ್ನ ಒಂದರಿಂದ ಮೂರು ಊಟ, ವಿಶ್ರಾಂತಿಯ ಹೊತ್ತು, ಆಗ ಬಾಗಿಲು ತಟ್ಟಬೇಡಿ.